ಬಾಯಿ ತಪ್ಪಿ ಬಂದ ಮಾತು

"ಗುರುಗಳೇ, ದುಃಖದಲ್ಲಿರುವವರಿಗೆ ಯಾವ ಮಾತು ಹೇಳಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಮಣೆಯ ಮೇಲೆ ಕಾಗದವಿಟ್ಟು ಏನೋ ಬರೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರಿಗೆ?"

"ಚನ್ನಮಲ್ಲನಿಗೆ. ನನ್ನ ಜೊತೆ ಓದಿದವನು. ಅವನ ತಮ್ಮ ತೀರಿಕೊಂಡ."

"ಯಾವಾಗ?"

"ಇವತ್ತಿಗೆ ಹನ್ನೆರಡು ದಿನ."

"ಹೋಗಿದ್ದೆಯಾ?"

"ಇಲ್ಲ. ಸರಿಯಾದ ಮಾತು ಸಿಕ್ಕಿರಲಿಲ್ಲ. ಈಗ ಒಂದಿಷ್ಟು ಬರೆದಿದ್ದೇನೆ." ಶಿಷ್ಯ ಮಡಿಸಿದ ಕಾಗದ ಬಿಡಿಸಿ ಓದತೊಡಗಿದ. "ನದಿಯು ಕಡಲನ್ನು ಸೇರುವಂತೆ ಜೀವವು..."

ಗುರುಗಳು ಕೈ ಚಾಚಿ ಕಾಗದ ಕಿತ್ತುಕೊಂಡರು. ನಾಲ್ಕು ಮಡಿಕೆ ಮಾಡಿ, ಅಲ್ಲಾಡುತ್ತಿದ್ದ ಮಣೆಯ ಕಾಲಿನ ಕೆಳಗೆ ತುರುಕಿದರು. ಮಣೆ ಅಲ್ಲಾಡುವುದು ನಿಂತಿತು.

"ಇಷ್ಟಕ್ಕಾದರೂ ಬಂತು. ಕೂತುಕೋ," ಎಂದು ಗದರಿದರು. ಆಮೇಲೆ ಹೇಳಿದರು.

ಒಂದು ಊರಿನಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ. ಹಗ್ಗ ಹೊಸೆಯುವುದು ಒಬ್ಬರ ಕೆಲಸವಲ್ಲ. ಒಬ್ಬರು ಈ ಕಡೆ ಕೂತು ಹುರಿ ಹಾಕಬೇಕು. ಇನ್ನೊಬ್ಬರು ದೂರದಲ್ಲಿ ತುದಿ ಹಿಡಿದು ಬಿಗಿಯಾಗಿ ನಿಲ್ಲಬೇಕು. ತುದಿಯನ್ನು ಗೂಟಕ್ಕೆ ಕಟ್ಟಿದರೆ ಆಗದು. ಹುರಿ ಏರಿದಂತೆಲ್ಲ ಹಗ್ಗ ಗಿಡ್ಡವಾಗುತ್ತದೆ. ಹಿಡಿದವರು ಒಂದೊಂದೇ ಹೆಜ್ಜೆ ಮುಂದಕ್ಕೆ ಬರಬೇಕು. ಮೂವತ್ತು ವರ್ಷ ಅವನ ಹೆಂಡತಿ ಹಾಗೆ ತುದಿ ಹಿಡಿದು ಅವನ ಕಡೆಗೆ ನಡೆದು ಬಂದಿದ್ದಳು.

ಒಂದು ದಿನ, ಬಾವಿ ತೋಡುವವನಿಗೆಂದು ಹಗ್ಗ ಹೊಸೆಯುತ್ತಿದ್ದಾಗ, ಅವಳು ಅರ್ಧ ದಾರಿಯಲ್ಲಿ ಕುಸಿದಳು. ಮತ್ತೆ ಏಳಲಿಲ್ಲ.

ಹುರಿ ಬಿಚ್ಚಿಕೊಂಡ ಹಗ್ಗ ಅಂಗಳದಲ್ಲಿ ಬಿದ್ದಲ್ಲೇ ಇತ್ತು. ಅವನು ಅದನ್ನು ಎತ್ತಲಿಲ್ಲ, ಬೇರೆಯವರಿಗೆ ಎತ್ತಲು ಬಿಡಲೂ ಇಲ್ಲ. ಅಳಲಿಲ್ಲ. ನೆರೆಯವರು ತಂದಿಟ್ಟ ಅನ್ನ ಮುಟ್ಟಲಿಲ್ಲ. ಬರಿಯ ನೀರು ಕುಡಿದುಕೊಂಡಿದ್ದ. ಇವನೂ ಉಳಿಯುವುದಿಲ್ಲ ಎಂದು ಊರವರು ಮಾತಾಡಿಕೊಂಡರು.

ಊರೆಲ್ಲ ಬಂತು. ಮಾತು ಬಲ್ಲವರು ಮುಂದೆ ಕೂತರು. ಅವಳ ಆಯುಷ್ಯ ಇದ್ದದ್ದೇ ಅಷ್ಟು ಎಂದರು. ಎಲ್ಲವನ್ನೂ ಕಾಲ ಮರೆಸುತ್ತದೆ ಎಂದರು. ಸಾವಿನ ಮನೆಗಳಲ್ಲಿ ಮಾತಾಡಿ ಹೆಸರು ಮಾಡಿದ ವರ್ತಕನೊಬ್ಬ ಅಲ್ಲಿದ್ದ. ಅವನು ಹಗ್ಗದವನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ: "ಪುಣ್ಯವಂತೆ ಕಣಪ್ಪ. ಮುತ್ತೈದೆಯಾಗಿ ಹೋದಳು."

ಹಗ್ಗದವನು ಆಗ ಮೊದಲ ಸಲ ಬಾಯಿ ಬಿಟ್ಟ. "ನಾನು ಬದುಕಿರೋದು ಅವಳ ಪುಣ್ಯವಾ? ಕೈ ತೆಗಿ."

ವರ್ತಕ ಕೈ ತೆಗೆದ. ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದು ಹೊರಗೆ ಬಂದು ಹೇಳಿದ. ಹೊರಗಿದ್ದವರು ಹೌದೆಂದು ತಲೆಯಾಡಿಸಿದರು.

ಗುರುಗಳು ಇಲ್ಲಿ ನಿಲ್ಲಿಸಿ ಶಿಷ್ಯನನ್ನು ದುರುಗುಟ್ಟಿ ನೋಡಿದರು. "ನಿನ್ನ ನದಿ, ನಿನ್ನ ಕಡಲು ಕೇಳಿದ್ದರೆ ಅವನು ಹೊಡೆಯುತ್ತಿದ್ದ," ಎಂದರು. ಮತ್ತೆ ಮುಂದುವರಿಸಿದರು.

ನಮ್ಮಲ್ಲಿ ಯಾರ ಮನೆಯಿಂದ ಹೊರಟರೂ 'ಹೋಗ್ತೀನಿ' ಅನ್ನುವುದಿಲ್ಲ, 'ಬರ್ತೀನಿ' ಅನ್ನುತ್ತೇವೆ. ಸಾವಿನ ಮನೆಯಲ್ಲಿ ಮಾತ್ರ ಹಾಗನ್ನಬಾರದು. ಅಂದರೆ ಆ ಮನೆಗೆ ಇನ್ನೊಂದು ಸಾವನ್ನು ಕರೆದ ಹಾಗೆ. ಏನೂ ಹೇಳದೆ ಎದ್ದು ಹೋಗಬೇಕು. ಬಂದವರಿಗೆಲ್ಲ ಇದು ಗೊತ್ತಿತ್ತು. ಅವರು ತಂದ ಮಾತನ್ನು ಆಡಿ ಮುಗಿಸಿದರು, ಹೇಳದೆ ಎದ್ದು ಹೋದರು. ಹೀಗೆ ಹತ್ತು ದಿನ.

ಬಾವಿ ತೋಡುವವನು ಮಾತ್ರ ಬಂದಿರಲಿಲ್ಲ. ಅವನಿಗೆ ಮಾತು ಬಾರದು. ಬೀದಿಯ ತಿರುವಿನ ತನಕ ಮೂರು ಸಲ ಬಂದು ಮೂರು ಸಲವೂ ಹಿಂದಕ್ಕೆ ಹೋಗಿದ್ದ. ಹನ್ನೊಂದನೆಯ ದಿನ ಒಳಗೆ ಬಂದ. ಕಂಬದ ಪಕ್ಕ ಕೂತ. ಹೇಳಲು ಏನೂ ತೋಚಲಿಲ್ಲ. ಉಗುರಿನೊಳಗಿನ ಮಣ್ಣು ಕೆರೆಯುತ್ತ ಬಹಳ ಹೊತ್ತು ಕೂತಿದ್ದು, ಕಡೆಗೆ ನಾಚಿಕೆಯಾಗಿ ಎದ್ದ. ಬಾಗಿಲಲ್ಲಿ ತಲೆ ಬಗ್ಗಿಸುತ್ತ, ದಿನವೂ ಅನ್ನುವ ಹಾಗೆ ಅಂದುಬಿಟ್ಟ.

"ಬರ್ತೀನಿ."

ಕೂತಿದ್ದವರು ಬೆಚ್ಚಿಬಿದ್ದರು. "ಥೂ, ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಮುದುಕಿಯೊಬ್ಬಳು ಬೈದಳು. "ಇಂಥವರನ್ನೆಲ್ಲ ಯಾಕೆ ಒಳಗೆ ಬಿಡ್ತೀರಿ?" ಎಂದು ವರ್ತಕ ಕೇಳಿದ.

ಹಗ್ಗದವನು ಗೋಡೆ ಹಿಡಿದು ಎದ್ದು ನಿಂತ.

"ಏನಂದೆ?"

"ತಪ್ಪಾಯ್ತು ಕಣೋ. ಬಾಯಿ ತಪ್ಪಿ ಬಂತು."

"ಬಾಯಿ ತಪ್ಪಿತಾ? ಹಾಗಾದರೆ ಬರಲ್ವಾ?"

ಬಾವಿಯವನು ಹೊಸ್ತಿಲು ದಾಟಲು ಎತ್ತಿದ್ದ ಕಾಲನ್ನು ಹಿಂದಕ್ಕೆ ಇಟ್ಟ.

"ಹನ್ನೊಂದು ದಿನದಿಂದ ಊರಿಗೆ ಊರೇ ಬಂತು. ಹೇಳೋದು ಹೇಳಿ ಕಾಲು ಕಿತ್ತರು. ಒಬ್ಬ ಬರ್ತೀನಿ ಅನ್ನಲಿಲ್ಲ. ಅವಳೂ ಅನ್ನಲಿಲ್ಲ. ಅಂದವನು ನೀನೊಬ್ಬ. ಈಗ ತಪ್ಪಾಯ್ತು ಅಂತೀಯಾ, ಮುಠ್ಠಾಳ? ಬರ್ತೀಯೋ ಇಲ್ವೋ, ಅದನ್ನ ಹೇಳು!"

"ಬರ್ತೀನಿ. ನಾಳೆ ಬೆಳಗ್ಗೆ."

"ಬರದೆ ಇದ್ದರೆ ಕಾಲು ಮುರೀತೀನಿ ನಿಂದು."

ಹಾಗೆ ಬೈಯುತ್ತಲೇ ಅವನಿಗೆ ಅಳು ಬಂತು. ಅಳುತ್ತಲೇ ಇನ್ನೂ ಬೈದ. ಬಾವಿಯವನನ್ನು ಬೈದ, ವರ್ತಕನನ್ನು ಬೈದ, ಊರನ್ನು ಬೈದ, ಹೇಳದೆ ಹೋದ ಹೆಂಡತಿಯನ್ನು ಹೆಸರು ಹಿಡಿದು ಬೈದ. ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ಬಾವಿಯವನು ಬಾಗಿಲಲ್ಲಿ ನಿಂತು ಅಷ್ಟನ್ನೂ ಕೇಳಿಸಿಕೊಂಡ.

ಮಾರನೆಯ ಬೆಳಗ್ಗೆ ಬಂದ. ಯಾರನ್ನೂ ಕೇಳದೆ ಅಂಗಳದಲ್ಲಿದ್ದ ಹಗ್ಗದ ತುದಿಯನ್ನು ಎತ್ತಿ ಹಿಡಿದ. ಅವನಿಗೆ ಬಾವಿ ತೋಡುವುದು ಗೊತ್ತು, ಹಗ್ಗ ಹಿಡಿಯುವುದು ಗೊತ್ತಿಲ್ಲ. ಹಗ್ಗ ನೆಲಕ್ಕೆ ಜೋತು ಬಿತ್ತು.

"ಬಿಗಿಯಾಗಿ ಹಿಡಿಯೋ ಕತ್ತೆ! ನಾಳೆ ಇದನ್ನೇ ನಂಬಿ ಇಳಿಯೋನು ನೀನೇ," ಎಂದು ಹಗ್ಗದವನು ಕೂಗಿದ. ಕೂಗಿ, ಕೂತು, ಹುರಿ ಹಾಕತೊಡಗಿದ. ಹಗ್ಗ ಗಿಡ್ಡವಾಯಿತು. ಬಾವಿಯವನು ಬೈಸಿಕೊಳ್ಳುತ್ತ ಒಂದೊಂದೇ ಹೆಜ್ಜೆ ಮುಂದಕ್ಕೆ ಬಂದ. ಮಧ್ಯಾಹ್ನ ನೆರೆಯವರು ಅನ್ನ ತಂದಿಟ್ಟರು. ಇಬ್ಬರೂ ಉಂಡರು.

ಗುರುಗಳು ಕತೆ ಮುಗಿಸಿ ಮತ್ತೆ ಬರೆಯತೊಡಗಿದರು.

ಶಿಷ್ಯ ಕೇಳಿದ. "ಮಾರನೆಯ ದಿನ ಬಂದಾಗ ಬಾವಿಯವನು ಸಮಾಧಾನಕ್ಕೆ ಏನು ಹೇಳಿದ, ಗುರುಗಳೇ?"

"ಏನೂ ಇಲ್ಲ. ಬೈಸಿಕೊಂಡ."

ಶಿಷ್ಯ ಎದ್ದ. ಮಣೆಯ ಕೆಳಗಿದ್ದ ಕಾಗದವನ್ನು ಕೇಳಲಿಲ್ಲ. ಬಾಗಿಲಿಗೆ ಹೋಗಿ, ಹಿಂದಕ್ಕೆ ತಿರುಗಿ, ದಿನವೂ ಮಾಡುವ ಹಾಗೆ ಕೈ ಮುಗಿದ.

"ಬರ್ತೀನಿ ಗುರುಗಳೇ."

ಗುರುಗಳು ಲೇಖನಿ ಕೆಳಗಿಟ್ಟರು.

"ಆ ಮಾತು ನನಗಲ್ಲ. ಹೋಗು."