ದಿವಾನರ ಜೈಕಾರ

ಸಂತೆ ಬಿದ್ದುಹೋಗಿ ಸುಂಕ ಬರದಂತಾಯಿತು. ದಿವಾನರು ರಸ್ತೆ ರಿಪೇರಿಗೆ ದುಡ್ಡಿಲ್ಲವೆಂದರು. ತಮ್ಮ ಪಲ್ಲಕ್ಕಿಗೆ ಮಾತ್ರ ರೇಷ್ಮೆ ದಿಂಬು ಹೊಲಿಸಿಕೊಂಡರು.

ಪಲ್ಲಕ್ಕಿಯ ಹಿಂದೆ ಹೆಗಲು ಕೊಟ್ಟವರಿಗೆ ದಾರಿ ಕಾಣುವುದಿಲ್ಲ. ಮುಂದಿದ್ದ ಚಿಕ್ಕರಂಗನೇ "ಗುಂಡೀ!" ಎಂದು ಕೂಗಿ ಎಚ್ಚರಿಸಬೇಕು. ಈಗ ಹೆಜ್ಜೆಗೊಂದು ಕೂಗು. ಬೀದಿಯವರೆಲ್ಲ ಕಿಸಕ್ಕನೆ ನಕ್ಕರು.

"ನನ್ನ ಮಾನ ಕಳೀತೀಯೇನೋ? ಇನ್ಮೇಲೆ ನನ್ನ ಜೈಕಾರ ಮಾತ್ರ ಕೂಗು!" ಎಂದು ದಿವಾನರು ಗದರಿದರು.

"ಅಪ್ಪಣೆ, ಬುದ್ಧೀ," ಎಂದ ಚಿಕ್ಕರಂಗ, ಹಿಂದಿನವರಿಗೆ ಕಣ್ಣು ಮಿಟುಕಿಸಿದ.

ಅಂದಿನಿಂದ ಗುಂಡಿ ಕಂಡಾಗಲೆಲ್ಲ "ದಿವಾನರಿಗೆ ಜಯವಾಗಲಿ!" ಎಂದು ಕೂಗತೊಡಗಿದ. ಕೂಗು ಕೇಳಿದ್ದೇ ತಡ, ಹಿಂದಿನವರು ಹುಷಾರಾಗುತ್ತಿದ್ದರು. ದಿವಾನರು ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಯುಗಾದಿಯ ದರ್ಬಾರಿನಲ್ಲಿ ಭಟರು "ದಿವಾನರಿಗೆ ಜಯವಾಗಲಿ!" ಎಂದರು. ದಿವಾನರು ಪಕ್ಕದಲ್ಲಿದ್ದ ಮಹಾರಾಜರ ತೋಳನ್ನೇ ಗಬಕ್ಕನೆ ಹಿಡಿದುಕೊಂಡರು.

"ಏನಾಯಿತು, ದಿವಾನರೇ?"

"ಗುಂಡಿ, ಮಹಾಸ್ವಾಮಿ!"