ಹತ್ತು ಸೆಕೆಂಡಿನ ನಿದ್ದೆ

ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿ ಆಜ್ಞೆಗಳನ್ನು ಒಂದಾದ ಮೇಲೊಂದು ಎಬ್ಬಿಸುತ್ತಿದ್ದ ಹಳೆಯ ಪಟ್ಟಿ ನಿವೃತ್ತಿಯಾಗಿ, ಎಲ್ಲರನ್ನೂ ಒಟ್ಟಿಗೇ ಎಬ್ಬಿಸುವ ಹೊಸ ಮೇಸ್ತ್ರಿ ಬಂದ. “ನಿನ್ನ ಕೆಲಸವೇನಯ್ಯಾ?” ಎಂದು ‘ಮಲಗು’ ಎಂಬ ಆಜ್ಞೆಯನ್ನು ಕೇಳಿದ.

“ಹತ್ತು ಸೆಕೆಂಡು ಮಲಗುವುದು, ಸ್ವಾಮಿ.”

“ಅದೂ ಒಂದು ಕೆಲಸವೇ? ಮನೆಗೆ ನಡಿ.”

ಮರುದಿನ, ಪಟ್ಟಿಯಲ್ಲಿ ‘ಮಲಗು’ವಿನ ನಂತರ ಏಳುತ್ತಿದ್ದ ‘ಮುದ್ರಿಸು’ ಎಂಬ ಆಜ್ಞೆ ಎದ್ದು ನೋಡುತ್ತದೆ, ಪ್ರಿಂಟರಿಗೆ ದಾರಿಯಾದ ನೆಟ್‌ವರ್ಕ್ ಇನ್ನೂ ಎದ್ದೇ ಇಲ್ಲ! ಒಂದು ಹಾಳೆಯೂ ಅಚ್ಚಾಗಲಿಲ್ಲ. “ಮಲಗಣ್ಣ ಮಲಗಿದರೇನೇ ನನ್ನ ಹೊಟ್ಟೆಪಾಡು, ಸ್ವಾಮಿ,” ಎಂದು ಪಾಪ, ಗೋಳಾಡಿತು.

ಮೇಸ್ತ್ರಿ ‘ಮಲಗು’ವನ್ನು ವಾಪಸ್ಸು ಕರೆಸಿದ. “ನೀನು ಮಲಗಿದ್ದಾಗ ನೆಟ್‌ವರ್ಕ್ ಏಳುತ್ತಿತ್ತೇನಯ್ಯಾ?”

“ಮಲಗಿದವನಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು, ಸ್ವಾಮಿ?”

ಮೇಸ್ತ್ರಿ ‘ಮುದ್ರಿಸು’ವಿನ ಹೆಸರಿನ ಮುಂದೆ ‘ನೆಟ್‌ವರ್ಕ್ ಎದ್ದ ಮೇಲೆ’ ಎಂದು ಬರೆದ. ಮರುದಿನ ಮೊದಲು ಅಚ್ಚಾದದ್ದು ‘ಮಲಗು’ವಿಗೆ ಬೀಳ್ಕೊಡುಗೆಯ ಬಿನ್ನವತ್ತಳೆ. ಅದರಲ್ಲಿ ‘ಅವಿಶ್ರಾಂತ ಸೇವೆಗಾಗಿ’ ಎಂದಿತ್ತು.