ತಲೆಹೊರೆ ಇಳಿಸುವ ಕಲ್ಲು

ಕಪಿಲೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಇದ್ದವರು ಇಬ್ಬರೇ, ಮುಪ್ಪಾದ ಗುರು ಮತ್ತು ಶಿಷ್ಯ ಸಿದ್ಧವೀರ. ಊರವರು ಗುರುಗಳನ್ನು ಬುದ್ಧಿ ಎಂದು ಕರೆಯುತ್ತಿದ್ದರು, ಶಿಷ್ಯನನ್ನು ಚಿಕ್ಕಬುದ್ಧಿ. ಈ ಹೆಸರು ಸಿದ್ಧವೀರನಿಗೆ ಅಷ್ಟೇನೂ ಹಿಡಿಸಿರಲಿಲ್ಲ.

ಮಠದ ದಾರಿಯಲ್ಲಿ ಎರಡು ಕಂಬದ ಮೇಲೆ ಹಾಸಿದ ಒಂದು ಚಪ್ಪಡಿ ಕಲ್ಲು. ತಲೆಹೊರೆ ಹೊತ್ತು ಬಂದವರು ಯಾರ ಕೈಯನ್ನೂ ಕಾಯದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಬೆವರು ಒರೆಸಿಕೊಳ್ಳುತ್ತಾರೆ.

ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ಹುಲ್ಲಿನ ಹೊರೆಯನ್ನು ಆ ಕಲ್ಲಿನ ಮೇಲಿಟ್ಟು ಮಠದೊಳಗೆ ಬಂದಳು. ಜೊತೆಗೆ ಮಗಳು ಸಿಂಚನ, ಶಾಲೆಯ ಬಟ್ಟೆಯಲ್ಲಿ.

ಅಂಗಳ ಗುಡಿಸುತ್ತಿದ್ದ ಸಿದ್ಧವೀರ ತಲೆ ಎತ್ತಿದ.

“ಚಿಕ್ಕಬುದ್ಧಿ, ಇವತ್ತು ಇಸ್ಕೂಲಲ್ಲಿ ಹೆಣ್ಣುಮಕ್ಕಳಿಗೆ ಸೂಜಿ ಹಾಕ್ತಾರಂತೆ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬರದಂಗೆ. ಹಾಕಿಸ್ಲಾ, ಬ್ಯಾಡ್ವಾ?”

“ಹಾಕಿಸು. ಅದರಲ್ಲಿ ಕೇಳೋದೇನಿದೆ?”

“ಮುಂದೆ ಮಕ್ಕಳಾಗಕಿಲ್ಲ ಅಂತಾವ್ರೆ.”

ಅವನಿಗೆ ನಗು ಬಂತು. “ನಮ್ಮ ಕೆಂಪಿ ಹಸುವಿಗೆ ಕಾಲುಬಾಯಿ ಜ್ವರದ ಸೂಜಿ ಹಾಕಿಸಲಿಲ್ವಾ? ಅದು ಈಯಲಿಲ್ವಾ? ನೋಡಲ್ಲಿ, ಕರು ಹೆಂಗೆ ನೆಗೀತಾ ಇದೆ.”

ಚಿಕ್ಕತಾಯಮ್ಮನ ಮುಖ ಸಣ್ಣದಾಯಿತು.

“ನನ್ ಮಗಳು ದನ ಅಲ್ಲ ಚಿಕ್ಕಬುದ್ಧಿ,” ಎಂದು ಮಗಳ ಕೈ ಹಿಡಿದು ತಿರುಗಿಬಿಟ್ಟಳು.

ಜಗುಲಿಯ ಮೇಲೆ ಕೂತಿದ್ದ ಗುರುಗಳಿಗೆ ಎಲ್ಲ ಕೇಳಿಸಿತ್ತು. “ಚಿಕ್ಕತಾಯಿ, ಬಾವ್ವ ಇಲ್ಲಿ. ಸಿದ್ಧವೀರ, ನೀರು ತಂದುಕೊಡು.”

ಅವಳು ನೀರು ಕುಡಿದಳು. ಆಮೇಲೆ ಗುರುಗಳು ಕೇಳಿದರು, “ಯಾರಂದರು ಹಂಗಂತ?”

“ಮೊಬೈಲ್‌ನಾಗೆ ಬಂದೈತೆ. ನಮ್ಮತ್ತೆನೂ ಅದನ್ನೇ ಅಂದ್ರು. ನಂಗೇನ್ ಗೊತ್ತು ಬುದ್ಧಿ? ನೀವೇ ಹೇಳಿ.”

“ನನಗೂ ಗೊತ್ತಿಲ್ಲ,” ಎಂದರು ಗುರುಗಳು.

ಸಿದ್ಧವೀರನಿಗೆ ನಾಚಿಕೆಯಾಯಿತು. ಕೇಳಿಕೊಂಡು ಮಠಕ್ಕೆ ಬಂದವರ ಮುಂದೆ ಯಾರಾದರೂ ಹೀಗೆ ಅನ್ನುತ್ತಾರೆಯೇ?

ಗುರುಗಳು ಕೋಲು ಹಿಡಿದು ಎದ್ದರು. “ಗೊತ್ತಿರೋರನ್ನ ಕೇಳೋಣ, ನಡೀರಿ.”

ಶಾಲೆಯ ಅಂಗಳದಲ್ಲಿ, ಹೊಂಗೆ ಮರದ ಕೆಳಗೆ ನರ್ಸ್ ರಾಜಮಣಿ ಮೇಜು ಹಾಕಿಕೊಂಡಿದ್ದಳು. ಗುರುಗಳು ಹೋಗಿ ಹುಡುಗಿಯರ ಬೆಂಚಿನ ಮೇಲೆ ಕೂತರು. ಹುಡುಗಿಯರು ಕಿಸಕ್ಕೆಂದರು.

“ನರ್ಸಮ್ಮ, ಇದನ್ನ ಹಾಕಿಸಿಕೊಂಡರೆ ಮುಂದೆ ಮಕ್ಕಳಾಗಲ್ವಾ?” ತಮಗೇ ಆ ಅನುಮಾನ ಇದ್ದವರ ಹಾಗೆ ಕೇಳಿದರು.

ಬೆಳಗಿನಿಂದ ಎಷ್ಟು ಜನ ಕೇಳಿದ್ದರೋ ಏನೋ. ಆದರೂ ರಾಜಮಣಿ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹೇಳಿದಳು. “ಹಂಗೇನೂ ಇಲ್ಲ ಬುದ್ಧಿ. ಎಷ್ಟೋ ದೇಶದಲ್ಲಿ ವರ್ಷಗಟ್ಟಲೆ ನೋಡಿದಾರೆ. ಹಾಕಿಸಿಕೊಂಡ ಹುಡುಗಿಯರು ಬೆಳೆದು ತಾಯಂದಿರೂ ಆಗಿದಾರೆ. ಆ ಕ್ಯಾನ್ಸರ್ ಬಂತು ಅಂದ್ರೆ ಗರ್ಭಕೋಶವನ್ನೇ ತೆಗೀಬೇಕಾಗಿ ಬರಬಹುದು. ಅದಾಗಬಾರದು ಅಂತಲೇ ಈ ಸೂಜಿ.”

“ಏನೂ ತೊಂದರೆ ಇಲ್ಲ ಅನ್ನು.”

“ಹಂಗನ್ನಲ್ಲ. ತೋಳು ನೋಯುತ್ತೆ. ಕೆಲವರಿಗೆ ಜ್ವರ ಬರುತ್ತೆ. ಹೆದರಿ ತಲೆ ಸುತ್ತಿ ಬೀಳೋರೂ ಉಂಟು, ಅದಕ್ಕೇ ಸ್ವಲ್ಪ ಹೊತ್ತು ಕೂರಿಸಿಕೊಂಡು ಕಳಿಸ್ತೀವಿ. ಅಪರೂಪಕ್ಕೆ ಯಾರಿಗಾದರೂ ಒಗ್ಗದೇ ಹೋದರೆ ಅದಕ್ಕೂ ಔಷಧಿ ಇಲ್ಲೇ ಇದೆ.”

ಚಿಕ್ಕತಾಯಮ್ಮ ತಲೆಯಾಡಿಸಿದಳು. ಮಗಳ ಕೈಯನ್ನು ಮಾತ್ರ ಬಿಡಲಿಲ್ಲ.

“ಇನ್ನೂ ಏನಂತೆ?” ಎಂದು ಸಿದ್ಧವೀರ ಗೊಣಗಿದ. ಗುರುಗಳು ಕಣ್ಣಲ್ಲೇ ಅವನ ಬಾಯಿ ಮುಚ್ಚಿಸಿದರು.

“ಇನ್ನೊಂದು ಮಾತು ಒಳಗೇ ಉಳಿದಿದೆ ಅಲ್ವಾ, ಚಿಕ್ಕತಾಯಿ?”

ಅವಳು ನೆಲ ನೋಡುತ್ತ ಹೇಳಿದಳು. “ಇವಳು ಹುಟ್ಟೋಕೆ ಮುಂಚೆ ಬಾಳ ವರ್ಷ ನಂಗೆ ಮಕ್ಕಳಿರಲಿಲ್ಲ ಬುದ್ಧಿ. ತೊಟ್ಟಿಲು ಶಾಸ್ತ್ರಕ್ಕೆ ಊರೆಲ್ಲ ಕರೆದು ನನ್ನ ಬಿಡೋರು. ಕೆಲಸಕ್ಕೆ ಹೊರಟೋರು ನನ್ ಮುಖ ಕಂಡ್ರೆ ವಾಪಸ್ ಒಳೀಕ್ ಹೋಗೋರು. ನರ್ಸಮ್ಮ ಹೇಳಿದ್ದು ನಿಜಾನೇ ಇರಬೈದು. ಆದ್ರೆ ನಾಳೆ ನನ್ನಂಗೇ ಇವಳಿಗೂ ತಡ ಆದ್ರೆ? ಅವ್ವನೇ ಸೂಜಿ ಹಾಕ್ಸಿ ಮಗಳ ಬಾಳು ಕೆಡಿಸಿದ್ಲು ಅಂತಾರೆ. ಆ ಮಾತ ನಾನು ಹೊರಲಾರೆ.”

ಸಿದ್ಧವೀರನಿಗೆ ಬೆಳಿಗ್ಗೆ ಆಡಿದ ಹಸುವಿನ ಮಾತು ನೆನಪಾಯಿತು. ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ್ದು ಆಡಿಯಾಗಿತ್ತು.

“ತಡ ಆಗೋಕೆ ನೂರು ಕಾರಣ ಇರ್ತವೆ ಅಕ್ಕ,” ಎಂದಳು ರಾಜಮಣಿ. “ಅದರಲ್ಲಿ ಈ ಸೂಜಿ ಇಲ್ಲ.”

“ಅದು ನಿಮಗೆ ಗೊತ್ತು. ಊರಿಗೆ ಗೊತ್ತಾ?”

ಗುರುಗಳು ಹೇಳಿದರು, “ಊರು ಕೇಳಿದರೆ, ಹಾಕಿಸಿದ್ದು ಮಠದವರು ಅಂದುಬಿಡು. ಬೈಯೋರು ಮಠಕ್ಕೇ ಬಂದು ಬೈಲಿ.”

ಚಿಕ್ಕತಾಯಮ್ಮ ಅವರ ನಡುಗುವ ಕೈಯನ್ನೂ ನೆರೆತ ಗಡ್ಡವನ್ನೂ ನೋಡಿದಳು. “ಅಲ್ಲೀಗಂಟ ನೀವು ಇರ್ತೀರಾ ಬುದ್ಧಿ?”

“ನಾನೆಲ್ಲಿ ಇರ್ತೀನವ್ವ. ಇವನಿರ್ತಾನೆ,” ಎಂದು ಗುರುಗಳು ಕೋಲಿನ ತುದಿಯಿಂದ ಸಿದ್ಧವೀರನನ್ನು ತೋರಿಸಿದರು. “ಇರ್ತೀಯೇನಪ್ಪಾ?”

ಊರಿನ ಬಾಯಿ ಎಂಥದು ಎಂದು ಸಿದ್ಧವೀರನಿಗೂ ಗೊತ್ತಿತ್ತು.

“ಇರ್ತೀನಿ,” ಎಂದ. ಆಮೇಲೆ ಚಿಕ್ಕತಾಯಮ್ಮನ ಕಡೆ ತಿರುಗಿದ. “ಬೆಳಿಗ್ಗೆ ನಾನು ಹಂಗನ್ನಬಾರದಿತ್ತು ಅಕ್ಕ. ತಪ್ಪಾಯ್ತು.”

ಅವಳು ಅವನ ಮುಖ ನೋಡಿದಳು. ಮಗಳ ಕೈ ಸಡಿಲ ಬಿಟ್ಟಳು. “ನೀನೇನಂತೀಯೆ, ಸಿಂಚನಾ?”

ಸಿಂಚನ ಆಗಲೇ ಅಂಗಿಯ ತೋಳು ಮಡಿಸಿಕೊಂಡಿದ್ದಳು. “ನಿಧಾನಕ್ಕೇ ಹಾಕಿ ನರ್ಸಮ್ಮ. ಈಗ ಗಣಿತದ ಪಿರಿಯಡ್ಡು.”

ಚಿಕ್ಕತಾಯಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಪಕ್ಕದಲ್ಲೇ ಕೂತಳು.

ಗುರು ಶಿಷ್ಯರು ಮಠದ ದಾರಿ ಹಿಡಿದರು. ಸಿದ್ಧವೀರ ಕೇಳಿದ.

“ಗುರುಗಳೇ, ಮುಂದೆ ಯಾರಾದರೂ ಜಗಳಕ್ಕೆ ಬಂದರೆ ನಾನೇನು ಹೇಳಲಿ?”

“ನರ್ಸಮ್ಮ ಹೇಳಿದ್ದನ್ನ ಹೇಳು.”

“ಅದನ್ನ ಕೇಳದೆ ಬೈದರೆ?”

“ಬೈಸಿಕೋ.”

“ದಿನಾ ಬಂದು ಬೈದರೆ? ಎಷ್ಟು ದಿನ ಅಂತ ಹೊರೋದು?”

ಅಷ್ಟರಲ್ಲಿ ಚಪ್ಪಡಿ ಕಲ್ಲು ಬಂದಿತ್ತು. ಚಿಕ್ಕತಾಯಮ್ಮನ ಹುಲ್ಲಿನ ಹೊರೆ ಇನ್ನೂ ಅದರ ಮೇಲೇ ಇತ್ತು. ಗುರುಗಳು ನಿಂತು, ಕಲ್ಲಿನ ಮೇಲೆ ಕೈಯಿಟ್ಟರು.

“ಇದು ಯಾವತ್ತಾದರೂ ಭಾರ ಅಂದದ್ದನ್ನ ಕೇಳಿದೀಯಾ?”